ಒಂಬತ್ತು ವರ್ಷ ಪಂಪು ನಡೆಸಿದ ಮೇಲೆ ಇನ್ನೇನು ಕಲಿಯುವುದು? (ಪ್ರಶ್ನೋತ್ತರ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ನೀರು ಸರಬರಾಜು ಮತ್ತು ಯುಜಿಡಿ (ಒಳಚರಂಡಿ) ಕೆಲಸದವರ ಪ್ರಶ್ನೆಗಳು. ಉತ್ತರ ಕೊಡುವವರು ಧಾರವಾಡದವರು. ಫಿಲ್ಟರ್ ಹೌಸಿಗೆ ಹೆಲ್ಪರ್ ಆಗಿ ಸೇರಿ, 31 ವರ್ಷ ದುಡಿದು, ಶಿಫ್ಟ್ ಇನ್‌ಚಾರ್ಜ್ ಆಗಿ ನಿವೃತ್ತರಾದರು. ಈಗ ತರಬೇತಿಗಳಲ್ಲಿ ಪಾಠ ಹೇಳುತ್ತಾರೆ. ಫೋನ್ ನಂಬರ್ ಕೇಳಬೇಡಿ, ಇಲ್ಲೇ ಕೇಳಿ.

ಪ್ರಶ್ನೆ (ಪಂಪ್ ಆಪರೇಟರ್, ಧಾರವಾಡ): ನಮಸ್ಕಾರ್ರಿ ಸರ್. ನಾನು ಐಟಿಐ ಎಲೆಕ್ಟ್ರಿಷಿಯನ್. ಗುತ್ತಿಗೆ ಮೇಲೆ 9 ವರ್ಷದಿಂದ ಪಂಪ್ ಹೌಸಿನಲ್ಲಿದ್ದೇನೆ. ರಾತ್ರಿ ಪಾಳಿಯಲ್ಲಿ ಕ್ಲೋರಿನ್ ನೋಡುವುದೂ ನಾನೇ. ಎರಡು ಸಲ ಟ್ರೈನಿಂಗಿಗೆ ಕಳಿಸಿದ್ದರು. ಎರಡೂ ಸಲ ಇಂಗ್ಲಿಷ್ ಸ್ಲೈಡು, ಊಟ, ಗ್ರೂಪ್ ಫೋಟೋ, ಸರ್ಟಿಫಿಕೇಟು. ವಾಪಸ್ ಬಂದು ಅದೇ ಸ್ವಿಚ್ಚು ಒತ್ತಿದೆ. ನಿಜವಾಗಿ ಉಪಯೋಗ ಆಗುವ ಕೋರ್ಸು ಯಾವುದು? ಮಾಡಿದರೆ ಪಗಾರ ಏರುತ್ತದೆಯೇ?

ಉತ್ತರ: ತಮ್ಮಾ, ಮೊದಲು ಪಗಾರದ ಮಾತು ಮುಗಿಸಿಬಿಡೋಣ. ಗುತ್ತಿಗೆಯವನಿಗೆ ಸರ್ಟಿಫಿಕೇಟ್ ತಂದ ಕೂಡಲೇ ಪಗಾರ ಏರುವುದಿಲ್ಲ. ಏರುತ್ತದೆ ಎಂದು ಯಾರಾದರೂ ಫೀ ಕೇಳಿದರೆ ಕೊಡಬೇಡ. ಆದರೆ ಗುತ್ತಿಗೆದಾರ ಬದಲಾದಾಗ, ಬೇರೆ ಕಡೆ ಅರ್ಜಿ ಹಾಕುವಾಗ ಕೈಯಲ್ಲಿ ಕಾಗದ ಇದ್ದರೆ ಒಳ್ಳೆಯದು. ನಿನ್ನಂಥವರಿಗೆ ಹೊಂದುವುದು ಆರ್‌ಪಿಎಲ್. ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಕೇಂದ್ರ ಸರ್ಕಾರದ ವ್ಯವಸ್ಥೆ ಅದು. ತಿಂಗಳುಗಟ್ಟಲೆ ಕ್ಲಾಸಿಗೆ ಕೂರಬೇಕಿಲ್ಲ. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಹೋಗಿ, ನೀರು ಮತ್ತು ಪ್ಲಂಬಿಂಗ್ ಕೆಲಸಕ್ಕೆ ಸದ್ಯ ಯಾವ ಬ್ಯಾಚ್ ಇದೆ ಎಂದು ಕೇಳು.

ನಗರಸಭೆ, ಪಾಲಿಕೆ ನೌಕರರಿಗೆ ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆ, ಪಂಚಾಯತಿಯವರಿಗೆ ಮೈಸೂರಿನದೇ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ತರಬೇತಿ ಕೊಡುತ್ತವೆ. ನಮ್ಮ ಧಾರವಾಡದ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಮನೆ ಹತ್ತಿರ ಇದೆ ನಿಜ, ಆದರೆ ಅಲ್ಲಿ ಹೆಚ್ಚಿನ ಪಾಠ ಕಾಲುವೆ, ನೀರಾವರಿ, ಜಮೀನಿನದು. ಕುಡಿಯುವ ನೀರಿನ ಘಟಕ ನಡೆಸುವುದನ್ನು ಕಲಿಯಲು ಅಲ್ಲಿಗೆ ಹೋದರೆ ನಿರಾಸೆಯೇ.

ಈಗ ಕಲಿಕೆಯ ಮಾತು. ನೀನು ಎಲೆಕ್ಟ್ರಿಷಿಯನ್ ಅಲ್ವಾ? ನನ್ನದೊಂದು ಪ್ರಶ್ನೆಗೆ ಉತ್ತರ ಹೇಳು. ನಿನ್ನ ಪಂಪು ಸಾವಿರ ಲೀಟರ್ ನೀರು ಎತ್ತಲು ಎಷ್ಟು ಯೂನಿಟ್ ಕರೆಂಟ್ ತಿನ್ನುತ್ತದೆ? ಮೀಟರ್ ನಿನ್ನ ಕಣ್ಣೆದುರೇ ಇದೆ. ಲಾಗ್‌ಬುಕ್ಕಿನಲ್ಲಿ ದಿನಾ ಬರೆಯುತ್ತೀಯ. ಭಾಗಿಸಿ ನೋಡಿಲ್ಲ, ಅಷ್ಟೇ. ಸಾವಿರ ಲೀಟರನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟಾರಿನ ನಷ್ಟ ಸೇರಿ 0.4 ಸುಮಾರಿಗೆ ಬಂದರೆ ಯಂತ್ರ ಆರೋಗ್ಯವಾಗಿದೆ. 0.6 ಬಂದರೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಸವೆದಿದೆ, ಇಲ್ಲವೇ ಡೆಲಿವರಿ ವಾಲ್ವ್ ಯಾರೋ ಅರ್ಧಕ್ಕೇ ಬಿಟ್ಟಿದ್ದಾರೆ. ಹಳೆಯ ಲಾಗ್‌ಬುಕ್ ತೆಗೆದು ಮೂರು ವರ್ಷದ ಲೆಕ್ಕ ಒಂದು ಹಾಳೆಯಲ್ಲಿ ಬರೆ. ಆ ಹಾಳೆ ಹಿಡಿದು ಇಂಜಿನಿಯರ್ ಮುಂದೆ ನಿಂತರೆ ಅವರು ಕುರ್ಚಿ ಕೊಡುತ್ತಾರೆ. ನಿನ್ನ ಎರಡು ಸರ್ಟಿಫಿಕೇಟಿಗೆ ಯಾರಾದರೂ ಕುರ್ಚಿ ಕೊಟ್ಟರಾ?

ಪ್ರಶ್ನೆ (ಅದೇ ಆಪರೇಟರ್): ಸರ್, ನಮ್ಮ ಮಾವನ ಮಗ ಅಮೆರಿಕಾದಲ್ಲಿದ್ದಾನೆ. ಅಲ್ಲಿ ನೀರಿನ ಘಟಕ ನಡೆಸಲು ಲೈಸೆನ್ಸ್ ಬೇಕು, ಅದನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಕ್ಲಾಸಿಗೆ ಹೋಗಬೇಕು ಅಂತಾನೆ. ನಿಜವೇ?

ಉತ್ತರ: ನಿಜ. ಅಲ್ಲಿ ಆಯಾ ರಾಜ್ಯ ಆಪರೇಟರಿಗೆ ಲೈಸೆನ್ಸ್ ಕೊಡುತ್ತದೆ. ಅವರ ಪರಿಸರ ಸಂಸ್ಥೆ 1999ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಮೂರು ವರ್ಷ ಮೀರದಂತೆ ನವೀಕರಣ ಆಗಬೇಕು, ಅದಕ್ಕೆ ತರಬೇತಿ ಕಡ್ಡಾಯ. ಕ್ಲಾಸಿನ ಲೆಕ್ಕವನ್ನು ಸಿಇಯು ಎಂಬ ಅಳತೆಯಲ್ಲಿ ಇಡುತ್ತಾರೆ. ಹತ್ತು ಗಂಟೆ ಪಾಠ ಅಂದರೆ ಒಂದು ಸಿಇಯು. ನಮ್ಮಲ್ಲಿ ಹಾಗೆ ನವೀಕರಿಸುವ ಲೈಸೆನ್ಸ್ ಇಲ್ಲ. ಬಸ್ಸಿನ ಡ್ರೈವರಿಗೆ ಇದೆ, ಊರಿಗೆಲ್ಲ ನೀರು ಕುಡಿಸುವವನಿಗೆ ಇಲ್ಲ! ನನಗೆ ಇದು ಸರಿ ಅನ್ನಿಸುವುದಿಲ್ಲ. ಆದರೆ ಇಲ್ಲ ಎಂದು ನಾವು ಕಲಿಯುವುದು ಬಿಡಬೇಕಾಗಿಲ್ಲ.

ಪ್ರಶ್ನೆ (ನೀರುಗಂಟಿ, ಹಾವೇರಿ ತಾಲ್ಲೂಕು): ಕಾಕಾ, ನಾನು ಏಳನೇ ಇಯತ್ತೆ ಓದಿದವ. ಯೂನಿಟ್ಟು ಗೀನಿಟ್ಟು ನನಗೆ ತಿಳಿಯುವುದಿಲ್ಲ. ನಮ್ಮೂರಲ್ಲಿ 50 ಸಾವಿರ ಲೀಟರಿನ ಟ್ಯಾಂಕಿ ಇದೆ. ಬ್ಲೀಚಿಂಗ್ ಪೌಡರ್ ಅಂದಾಜಿಗೆ ಹಾಕುತ್ತೇನೆ. ಜಾಸ್ತಿ ಆದರೆ ಜನ ವಾಸನೆ ಅಂತ ಬೈತಾರೆ. ಕಡಿಮೆ ಆದರೆ ದವಾಖಾನೆಯವರು ಬೈತಾರೆ. ಎಷ್ಟು ಹಾಕಬೇಕು?

ಉತ್ತರ: ನಿನ್ನ ಪ್ರಶ್ನೆಯೇ ಇವತ್ತಿನ ದೊಡ್ಡ ಪ್ರಶ್ನೆ, ನಿಧಾನವಾಗಿ ಹೇಳುತ್ತೇನೆ. ಏಳನೇ ಇಯತ್ತೆ ಬೇಕಾದಷ್ಟಾಯಿತು. ಇದರಲ್ಲಿ ಗುಣಾಕಾರ, ಭಾಗಾಕಾರ ಬಿಟ್ಟು ಬೇರೇನೂ ಇಲ್ಲ.

ಮೊದಲು ಚೀಲ ನೋಡು. ಹೊಸ ಪೌಡರಿನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ಚೀಲದ ಬಾಯಿ ತೆರೆದಿಟ್ಟರೆ, ಕೋಣೆ ತೇವ ಇದ್ದರೆ ಅದು ಇಳಿಯುತ್ತಾ ಹೋಗುತ್ತದೆ. ಎಷ್ಟೋ ಪಂಚಾಯತಿಗಳ ಪಂಪ್ ಹೌಸಿನ ಮೂಲೆಯಲ್ಲಿ ನಾನು ನೋಡಿದ್ದೇನೆ. ಗೋಡೆಗೆ ಆನಿಸಿದ ಚೀಲ, ಒಳಗೆ ಕಲ್ಲಿನಂತೆ ಗಟ್ಟಿಯಾದ ಉಂಡೆ. ಮೂಗಿಗೆ ಹಿಡಿದರೂ ಗಾಟು ಇಲ್ಲ. ಅದು ಪೌಡರ್ ಅಲ್ಲ, ಬರೀ ಸುಣ್ಣ. ಅದನ್ನು ಬೊಗಸೆ ತುಂಬ ಹಾಕಿದರೂ ಒಂದು ಹುಳ ಸಾಯುವುದಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಡು. ನೆಲದ ಮೇಲಲ್ಲ, ಹಲಗೆ ಮೇಲೆ.

ಈಗ ಲೆಕ್ಕ. ನಿನ್ನ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಎಂದುಕೋ. 50 ಸಾವಿರ ಲೀಟರಿಗೆ 100 ಗ್ರಾಂ ಕ್ಲೋರಿನ್ ಆಯಿತು. ಪೌಡರಿನಲ್ಲಿ ನೂರಕ್ಕೆ 25 ಉಳಿದಿದ್ದರೆ 400 ಗ್ರಾಂ ಪೌಡರ್ ಬೇಕು. ಹೊಸ ಚೀಲದ 33 ಆದರೆ 300 ಗ್ರಾಂ. ಒಂದೇ ಟ್ಯಾಂಕಿ, ಒಂದೇ ನೀರು, ಆದರೂ ಚೀಲ ಬದಲಾದರೆ ಅಳತೆ ಬದಲಾಗುತ್ತದೆ. ಜನ ಒಂದು ವಾರ ವಾಸನೆ ಅನ್ನುವುದು, ಇನ್ನೊಂದು ವಾರ ದವಾಖಾನೆಯವರು ಬೈಯುವುದು, ಎರಡಕ್ಕೂ ಬಹುಶಃ ಇದೇ ಕಾರಣ.

'ನನ್ನ ಪೌಡರಿನಲ್ಲಿ ಎಷ್ಟು ಉಳಿದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?' ಅಂತ ಕೇಳುತ್ತೀಯ. ಅದಕ್ಕೇ ಹಾರಾಕ್ಸ್ ಎಂಬ ಪರೀಕ್ಷೆ ಪೆಟ್ಟಿಗೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಇನ್‌ಸ್ಪೆಕ್ಟರ್ ಹತ್ತಿರ ಕೇಳು, ಕೆಲವು ಕಡೆ ಬೀರುವಿನಲ್ಲಿ ಧೂಳು ಹಿಡಿದು ಕೂತಿರುತ್ತದೆ. ಒಳಗೆ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, 2 ಗ್ರಾಂ ಹಿಡಿಯುವ ಚಮಚ. ಕಪ್ಪು ಬಟ್ಟಲಿಗೆ ಒಂದು ಚಮಚ ನಿನ್ನ ಪೌಡರ್ ಹಾಕಿ, ಸ್ವಲ್ಪ ನೀರು ಬಿಟ್ಟು ಹಿಟ್ಟಿನಂತೆ ಕಲಸಿ, ಗುರುತಿನ ತನಕ ನೀರು ತುಂಬು. ಬಿಳಿ ಬಟ್ಟಲುಗಳಿಗೆ ಔಷಧಿ ಹಾಕದ ನೀರು ತುಂಬು. ಕಪ್ಪು ಬಟ್ಟಲಿನ ನೀರು ತಿಳಿಯಾದ ಮೇಲೆ ಒಂದನೇ ಬಟ್ಟಲಿಗೆ ಅದರ ಒಂದು ಹನಿ, ಎರಡನೆಯದಕ್ಕೆ ಎರಡು ಹನಿ, ಹೀಗೆ ಆರನೆಯದಕ್ಕೆ ಆರು. ಕಲಕಿ ಅರ್ಧ ತಾಸು ಬಿಡು. ಚಹಾ ಕುಡಿದು ಬಾ. ಆಮೇಲೆ ಪೆಟ್ಟಿಗೆಯಲ್ಲಿರುವ ಪಿಷ್ಟದ ದ್ರಾವಣ ಮೂರು ಮೂರು ಹನಿ ಹಾಕು. ನೀಲಿ ಬಣ್ಣ ಸ್ಪಷ್ಟವಾಗಿ ಬಂದ ಮೊದಲ ಬಟ್ಟಲು ಎಷ್ಟನೆಯದು ನೋಡು. ಎರಡನೆಯದು ಎಂದಾದರೆ, 455 ಲೀಟರ್ ನೀರಿಗೆ ಎರಡು ಚಮಚ, ಅಂದರೆ 4 ಗ್ರಾಂ. ನಿನ್ನ ಟ್ಯಾಂಕಿಯಲ್ಲಿ ಅಂಥ 455 ಲೀಟರುಗಳು ಸುಮಾರು 110 ಇವೆ. ಹಾಗಾದರೆ 440 ಗ್ರಾಂ. ಪೌಡರ್ ಹಳೆಯದೋ ಹೊಸದೋ, ನೀರು ಕೊಳೆಯೋ ತಿಳಿಯೋ, ಎಲ್ಲಾ ಸೇರಿ ಬಂದ ಉತ್ತರ ಇದು. ಎಷ್ಟೋ ದೊಡ್ಡ ಘಟಕಗಳಲ್ಲಿ ಕೂಡ ಇಷ್ಟು ಪ್ರಾಮಾಣಿಕ ಲೆಕ್ಕ ಇರುವುದಿಲ್ಲ.

ಪೌಡರನ್ನು ನೇರ ಟ್ಯಾಂಕಿಗೆ ಸುರಿಯಬೇಡ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ, ಟ್ಯಾಂಕಿ ತುಂಬುತ್ತಿರುವಾಗಲೇ ಹಾಕು. ನೀರು ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ಅರ್ಧ ತಾಸಾದರೂ ಬಿಟ್ಟು ಊರಿಗೆ ಬಿಡು. ಆಮೇಲೆ ಕೊನೆಯ ನಳದ ನೀರನ್ನು ಕ್ಲೋರೋಸ್ಕೋಪಿನಲ್ಲಿ (ಬಣ್ಣ ಹೋಲಿಸಿ ಕ್ಲೋರಿನ್ ಅಳೆಯುವ ಸಾಧನ) ನೋಡು. ಟ್ಯಾಂಕಿ ಕೆಳಗಿನ ನಳ ನೋಡಿ ಬರೆದುಕೊಂಡರೆ ಅದು ಲೆಕ್ಕಕ್ಕಿಲ್ಲ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಪ್ರಶ್ನೆ (ಸ್ವಸಹಾಯ ಸಂಘದ ಸದಸ್ಯೆ, ಗದಗ ಜಿಲ್ಲೆ): ಅಣ್ಣಾರ, ಜಲ ಜೀವನ್ ಮಿಷನ್‌ನಲ್ಲಿ ನಮ್ಮೂರ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಿಟ್ ಕಲಿಸಿದರು. ಒಂದೇ ದಿನ. ಈಗ ಬೋರಿನ ನೀರಿನಲ್ಲಿ ಫ್ಲೋರೈಡ್ ಬಣ್ಣ ಜಾಸ್ತಿ ತೋರಿಸುತ್ತದೆ. ಶುದ್ಧ ನೀರಿನ ಘಟಕದವನು ಟಿಡಿಎಸ್ ಮೀಟರ್ ಅದ್ದಿ 'ಏನೂ ಆಗಿಲ್ಲ' ಅಂತಾನೆ. ಯಾರ ಮಾತು ನಂಬುವುದು?

ಉತ್ತರ: ನಿಮ್ಮ ಕಿಟ್ ನಂಬಿ ಅಕ್ಕಾರ. ಟಿಡಿಎಸ್ ಮೀಟರ್ ನೀರಿನಲ್ಲಿ ಒಟ್ಟು ಉಪ್ಪಿನಂಶ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು, ಅದರಲ್ಲಿ ಫ್ಲೋರೈಡ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಫ್ಲೋರೈಡ್ ತೊಂದರೆ ಕಂಡ ಮುಂಡರಗಿ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಹೋಗುವುದಿಲ್ಲ. ಒಂದು ಬಾಟಲಿ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ, ವರದಿಯನ್ನು ಪಂಚಾಯತಿಯಲ್ಲಿ ಲಿಖಿತವಾಗಿ ಕೊಡಿ. ಕಿಟ್ ಔಷಧಿಗಳ ಮೇಲೆ ಮುಗಿಯುವ ತಾರೀಕು ಇರುತ್ತದೆ, ಅದನ್ನೂ ನೋಡಿ.

ಪ್ರಶ್ನೆ (ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಆಪರೇಟರ್, ಹುಬ್ಬಳ್ಳಿ): ಸರ್, ನೀವೆಲ್ಲ ಶುದ್ಧ ನೀರಿನವರು, ನಾನು ಹೊಲಸು ನೀರಿನವ. ನಮಗೂ ಸ್ವಲ್ಪ ಹೇಳಿ. ಇಂಟರ್‌ನೆಟ್‌ನಲ್ಲಿ ಏನಾದರೂ ಇದೆಯೇ?

ಉತ್ತರ: ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತವೆ, ತ್ಯಾಜ್ಯ ನೀರಿನ ಶುದ್ಧೀಕರಣದ ಮೇಲೂ ಇವೆ. ನೋಡಲು ದುಡ್ಡಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀ. ಆದರೆ ಇಂಗ್ಲಿಷ್, ಜೊತೆಗೆ ಇಂಜಿನಿಯರಿಂಗ್ ಹುಡುಗರಿಗೆ ಮಾಡಿದ್ದು. ಮೊದಲ ವಾರದ ಸೂತ್ರ ನೋಡಿ ಹೆದರಬೇಡ, ದಾಟಿ ಹೋಗು.

ಅದಕ್ಕಿಂತ ಮೊದಲು ಒಂದು ಲೀಟರಿನ ಅಳತೆ ಸಿಲಿಂಡರ್ ತಗೋ. ಏರೇಷನ್ ಟ್ಯಾಂಕಿನ (ಗಾಳಿ ಊದುವ ತೊಟ್ಟಿ) ನೀರು ತುಂಬಿ, ಅಲುಗಿಸದೆ 30 ನಿಮಿಷ ಇಡು. ಕೆಸರು ಎಷ್ಟು ಮಿಲಿಲೀಟರಿಗೆ ಇಳಿಯಿತು? 300 ಎಂದುಕೊಳ್ಳೋಣ. ಲ್ಯಾಬಿನವರು ಎಂಎಲ್‌ಎಸ್‌ಎಸ್ (ಲೀಟರಿಗೆ ಎಷ್ಟು ಮಿಲಿಗ್ರಾಂ ಒಣ ಕೆಸರು ಎಂಬ ಲೆಕ್ಕ) 3000 ಎಂದು ಕೊಟ್ಟಿದ್ದಾರೆ. 300ನ್ನು 1000ದಿಂದ ಗುಣಿಸಿ 3000ದಿಂದ ಭಾಗಿಸು, 100 ಬಂತು. ಇದೇ ಎಸ್‌ವಿಐ, ಕೆಸರು ಎಷ್ಟು ಚೆನ್ನಾಗಿ ಕೂರುತ್ತದೆ ಎಂಬ ಅಳತೆ. ನೂರರ ಆಸುಪಾಸು ಇದ್ದರೆ ನಿಶ್ಚಿಂತೆ. 150 ದಾಟಿ ಏರುತ್ತಿದ್ದರೆ ಕೆಸರು ಹತ್ತಿಯಂತೆ ಉಬ್ಬುತ್ತಿದೆ, ಕೂರುವುದಿಲ್ಲ, ತಿಳಿ ನೀರಿನ ಜೊತೆ ಹೊರಗೆ ಹೋಗುತ್ತದೆ. ಸಿಲಿಂಡರನ್ನು ಅರ್ಧ ತಾಸಿಗೇ ತೊಳೆಯಬೇಡ. ಇನ್ನೊಂದು ತಾಸು ಬಿಡು. ಕೂತ ಕೆಸರು ಗುಳ್ಳೆ ಸಮೇತ ಮೇಲೆ ಎದ್ದರೆ ಅದು ಬೇರೆ ರೋಗ. ಕ್ಲಾರಿಫೈಯರಿನಲ್ಲಿ (ಕೆಸರು ಕೂರುವ ತೊಟ್ಟಿ) ಕೆಸರನ್ನು ಜಾಸ್ತಿ ಹೊತ್ತು ಇಟ್ಟಿದ್ದೀರಿ ಎಂದರ್ಥ, ಬೇಗ ತೆಗೆಯಿರಿ.

ಪ್ರಶ್ನೆ (ಅದೇ ಎಸ್‌ಟಿಪಿ ಆಪರೇಟರ್): ಇನ್ನೊಂದು ಕೇಳಬೇಕು. ವೆಟ್‌ವೆಲ್ (ಕೊಳಚೆ ನೀರು ಸೇರುವ ಬಾವಿ) ಸ್ಕ್ರೀನ್, ಅಂದರೆ ಕಸ ತಡೆಯುವ ಜಾಲರಿ, ಕಟ್ಟಿದಾಗ ಮೇಲಿನವರು 'ಐದು ನಿಮಿಷದ ಕೆಲಸ, ಇಳಿದು ತೆಗೆ' ಅಂತಾರೆ. ಮೊದಲು ಮುಚ್ಚಳ ತೆಗೆದು ಅರ್ಧ ತಾಸು ಬಿಡುತ್ತೇವೆ. ವಾಸನೆ ಹೋದ ಮೇಲೆ ಇಳಿದರೆ ಆಗುತ್ತದೆ ಅಲ್ವಾ?

ಉತ್ತರ: ಇಳಿಯಬೇಡ. ಮೂಗಿನ ಮಾತು ಕೇಳಬೇಡ. ಕೊಳೆತ ಮೊಟ್ಟೆ ವಾಸನೆಯ ಆ ಗ್ಯಾಸು ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದಾಗ ವಾಸನೆ ಜೋರು. ಹತ್ತು ಲಕ್ಷಕ್ಕೆ 100 ಭಾಗದ ಹತ್ತಿರ ಬಂದರೆ ಮೂಗಿನ ನರವೇ ಸತ್ತಂತಾಗುತ್ತದೆ. 'ವಾಸನೆ ಹೋಯಿತು' ಎಂದು ನೀನು ಖುಷಿಪಡುವ ಹೊತ್ತಿಗೆ ಅದು ಪ್ರಾಣ ತೆಗೆಯುವ ಮಟ್ಟದಲ್ಲಿರಬಹುದು. ಗಾಳಿಗಿಂತ ಭಾರ, ಮುಚ್ಚಳ ತೆರೆದರೂ ತಳದಲ್ಲೇ ಕೂತಿರುತ್ತದೆ. ನೀನು ಕೆಸರಿನಲ್ಲಿ ಕಾಲಿಟ್ಟು ಕಲಕಿದ ಕೂಡಲೇ ಇನ್ನಷ್ಟು ಏಳುತ್ತದೆ. ಮೊದಲನೆಯವ ಬೀಳುತ್ತಾನೆ, ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಪೇಪರಿನಲ್ಲಿ ಓದುವ ಸುದ್ದಿಗಳಲ್ಲಿ ಇಬ್ಬರು, ಮೂವರು ಇರುವುದು ಇದಕ್ಕೇ.

ನಾಲ್ಕು ಗ್ಯಾಸ್ ಅಳೆಯುವ ಡಿಟೆಕ್ಟರ್ ಹಗ್ಗ ಕಟ್ಟಿ ತಳದ ತನಕ ಇಳಿಸಬೇಕು. ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಿಮೆ ತೋರಿಸಿದರೆ ಅಲ್ಲಿಗೇ ನಿಲ್ಲಿಸು. ಮೊದಲ ಆಯ್ಕೆ ಯಾವಾಗಲೂ ಯಂತ್ರ, ಮೇಲಿನಿಂದ ಕೊಕ್ಕೆ. ರಕ್ಷಣಾ ಸಾಮಗ್ರಿ ಇಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಇದನ್ನು ಮೇಲಿನವರಿಗೆ ಹೇಳು. ಬಾಯಿಮಾತಿನಲ್ಲಿ ಹೇಳಿದ ಆದೇಶವನ್ನು 'ಬರೆದು ಕೊಡಿ ಸರ್' ಅನ್ನು. ಯಾರೂ ಬರೆದು ಕೊಡುವುದಿಲ್ಲ, ನೋಡುತ್ತಿರು.

ಪ್ರಶ್ನೆ (ಫಿಲ್ಟರ್ ಅಟೆಂಡೆಂಟ್, ರಾಣೆಬೆನ್ನೂರು ಕಡೆ): ಮಳೆಗಾಲದಲ್ಲಿ ತುಂಗಭದ್ರೆ ಕೆಂಪಗೆ ಬರುತ್ತದೆ. ನಮ್ಮ ಹಿರಿಯರು ಬಣ್ಣ ನೋಡಿ ಆಲಂ (ಕೊಳೆಯನ್ನು ತಳಕ್ಕೆ ಕೂರಿಸುವ ಪಟಿಕ) ಹಾಕುತ್ತಾರೆ. ಎಷ್ಟು ಆಲಂ ಬೇಕೆಂದು ನೋಡುವ ಜಾರ್ ಟೆಸ್ಟ್ ಯಂತ್ರ ಕೆಟ್ಟು ಕೂತಿದೆ. ಬಣ್ಣ ನೋಡಿ ಹಾಕುವುದು ತಪ್ಪೇ?

ಉತ್ತರ: ನಾನೂ ಹತ್ತು ವರ್ಷ ಹಾಗೇ ಹಾಕಿದವ, ಬೈಯುವ ಯೋಗ್ಯತೆ ನನಗಿಲ್ಲ. ಒಂದು ಮಳೆಗಾಲ ಮಲಪ್ರಭೆ ನೀರು ಎರಡು ದಿನದಲ್ಲಿ ಕೆಂಪಾಯಿತು. ಬಣ್ಣ ನೋಡಿ ಆಲಂ ಏರಿಸಿದೆ, ಇನ್ನೂ ಏರಿಸಿದೆ. ನೀರು ತಿಳಿಯಾಗಲೇ ಇಲ್ಲ. ಹೊಸದಾಗಿ ಬಂದ ಕೆಮಿಸ್ಟ್ ಹುಡುಗಿ ಆರು ಜಾರ್ ಇಟ್ಟು ನೋಡಿದಳು. ನಾನು ಹಾಕುತ್ತಿದ್ದುದರ ಅರ್ಧಕ್ಕೇ ನೀರು ಚೆನ್ನಾಗಿ ಕೂತಿತ್ತು! ಆಲಂ ಅತಿಯಾಗಿ ಕ್ಷಾರ ಇಳಿದು, ಪಿಎಚ್ ಬಿದ್ದು, ಗಸಿ ಕಟ್ಟುವುದೇ ನಿಂತಿತ್ತು. ಅವಳ ಮುಂದೆ ನಾಚಿಕೆ ಆಯಿತು. ಮರುದಿನದಿಂದ ಕಲಿಯಲು ಅವಳ ಪಕ್ಕ ನಿಂತೆ.

ಯಂತ್ರ ಇಲ್ಲದಿದ್ದರೂ ಮಾಡಬಹುದು. 10 ಗ್ರಾಂ ಆಲಂ ಒಂದು ಲೀಟರ್ ನೀರಿನಲ್ಲಿ ಕರಗಿಸು. ಆರು ಗಾಜಿನ ಪಾತ್ರೆಯಲ್ಲಿ ಒಂದೊಂದು ಲೀಟರ್ ನದಿ ನೀರು. ಸಿರಿಂಜಿನಿಂದ 1, 2, 3 ಹೀಗೆ 6 ಮಿಲಿ ತನಕ ಹಾಕಿದರೆ ಲೀಟರಿಗೆ 10ರಿಂದ 60 ಮಿಲಿಗ್ರಾಂ ಆಗುತ್ತದೆ. ಒಂದು ನಿಮಿಷ ಜೋರಾಗಿ ಕಲಕು, ಹದಿನೈದು ನಿಮಿಷ ಮೆಲ್ಲಗೆ, ಅರ್ಧ ತಾಸು ಬಿಡು. ಕೈಯಿಂದ ಕಲಕಿದ್ದು ಯಂತ್ರದಷ್ಟು ಕರಾರುವಾಕ್ ಅಲ್ಲ, ಆದರೆ ಕಣ್ಣಂದಾಜಿಗಿಂತ ಎಷ್ಟೋ ವಾಸಿ. ಮೂರನೇ ಪಾತ್ರೆ ಚೆನ್ನಾಗಿದ್ದರೆ 30 ಮಿಲಿಗ್ರಾಂ. ದಿನಕ್ಕೆ ಒಂದು ಕೋಟಿ ಲೀಟರಿನ ಘಟಕಕ್ಕೆ 300 ಕಿಲೋ. ನೀನು ಈಗ ಎಷ್ಟು ಚೀಲ ಹಾಕುತ್ತೀ, ಅದಕ್ಕೆ ಹೋಲಿಸು. ಹಿರಿಯರ ಎದುರು ಮಾಡಿ ತೋರಿಸು, ವಾದ ಮಾಡಬೇಡ.

(ಹದಿನೈದು ದಿನದ ನಂತರ)

ಹಾವೇರಿ ತಾಲ್ಲೂಕಿನ ನೀರುಗಂಟಿ: ಕಾಕಾ, ಪೆಟ್ಟಿಗೆ ಸಿಕ್ಕಿತು. ಎರಡನೇ ಬಟ್ಟಲೇ ನೀಲಿ ಆಯಿತು. 440 ಗ್ರಾಂ ಹಾಕಿದೆ. ಟ್ಯಾಂಕಿ ಕೆಳಗೆ 0.8 ಬಂತು, ಗುಡಿ ಹತ್ತಿರ 0.5. ಶಾಲೆ ಹಿಂದಿನ ಕೊನೆ ಓಣಿಯಲ್ಲಿ ಮಾತ್ರ ಸೊನ್ನೆ. ಇನ್ನೂ ಜಾಸ್ತಿ ಹಾಕಲೇ?

ಉತ್ತರ: ಹಾಕಬೇಡ. ಗುಡಿ ತನಕ ಸರಿಯಾಗಿ ಬಂದದ್ದು ಒಂದೇ ಓಣಿ ದಾಟುವಷ್ಟರಲ್ಲಿ ಸೊನ್ನೆ ಆಗುವುದಿಲ್ಲ. ನಡುವೆ ಏನೋ ಅದನ್ನು ತಿನ್ನುತ್ತಿದೆ. ಪೈಪು ಗಟಾರ ದಾಟುವ ಜಾಗ ನೋಡು. ವಾಲ್ವ್ ಗುಂಡಿಯಲ್ಲಿ ನೀರು ನಿಂತಿದೆಯೇ ನೋಡು. ನೀನು ನೀರು ಬಂದ್ ಮಾಡಿದಾಗ ಪೈಪು ಖಾಲಿಯಾಗಿ, ಬಿರುಕಿನಿಂದ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಿಗುವ ತನಕ ಆ ಓಣಿಯವರಿಗೆ ಕುದಿಸಿ ಕುಡಿಯಲು ಹೇಳು. ಆ ನಳದ ನೀರನ್ನು ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಗೆ ಹಾಕಿಡು. ಒಂದೆರಡು ದಿನದಲ್ಲಿ ಕಪ್ಪಾದರೆ ಹೊಲಸು ಸೇರಿದೆ ಎಂದರ್ಥ, ಪಿಡಿಒಗೆ ತೋರಿಸು.

ಹಾವೇರಿ ತಾಲ್ಲೂಕಿನ ನೀರುಗಂಟಿ: ಬಾಟಲಿ ಮರುದಿನವೇ ಕಪ್ಪಾಯಿತು ಕಾಕಾ. ಗಟಾರದ ಅಡಿಯಲ್ಲಿ ಜಾಯಿಂಟ್ ಸಡಿಲ ಇತ್ತು. ಎರಡು ವರ್ಷದಿಂದ ಅದರ ಮೇಲೇ ಸೈಕಲ್ ದಾಟಿಸುತ್ತಿದ್ದೆ. ನಿನ್ನೆ ಅಗೆದು ಹೊಸದು ಹಾಕಿಸಿದೆವು. ಇವತ್ತು ಮುಂಜಾನೆ 0.3.